ಸೊನ್ನೆ ಹೊಡೆದರೆ ಭಾಗಾಕಾರ ಆಯಿತೇ?



340ನ್ನು 10ರಿಂದ ಭಾಗಿಸಿ ಎಂದು ಯಾರಾದರೂ ಕೇಳಿದರೆ ನೀವು ಏನು ಮಾಡುತ್ತೀರಿ? ನಿಮ್ಮಲ್ಲಿ ಬಹಳಷ್ಟು ಮಂದಿ ಪೆನ್ಸಿಲನ್ನು ಕೈಗೆ ತೆಗೆದುಕೊಳ್ಳುವುದೂ ಇಲ್ಲ. "ಕೊನೆಯ ಸೊನ್ನೆ ಹೊಡೆದುಬಿಟ್ಟರೆ ಆಯಿತು, 34" ಎಂದು ತಕ್ಷಣ ಹೇಳಿಬಿಡುತ್ತೀರಿ. ಉತ್ತರ ಸರಿಯಾಗಿಯೇ ಇದೆ.

ಸರಿ, ಈಗ 347ನ್ನು 10ರಿಂದ ಭಾಗಿಸಿ. ಹೊಡೆಯಲು ಸೊನ್ನೆಯೇ ಇಲ್ಲ! 305ನ್ನು ಭಾಗಿಸಿ. ಸೊನ್ನೆ ಇದೆ, ಆದರೆ ನಡುವೆ ಇದೆ. ಅದನ್ನೇ ಹೊಡೆದು 35 ಎಂದು ಬರೆಯುವವರೂ ಉಂಟು. ಇನ್ನು 3.40ನ್ನು ಭಾಗಿಸಿ. ಕೊನೆಯಲ್ಲಿ ಸೊನ್ನೆ ಇದೆ. ಹೊಡೆದರೆ 3.4 ಉಳಿಯುತ್ತದೆ. ಆದರೆ 3.40 ಮತ್ತು 3.4 ಒಂದೇ ಬೆಲೆಯ ಸಂಖ್ಯೆಗಳಲ್ಲವೇ? ಅಂದರೆ ಸೊನ್ನೆ ಹೊಡೆದದ್ದಾಯಿತು, ಭಾಗಾಕಾರ ಮಾತ್ರ ಆಗಲೇ ಇಲ್ಲ.

ಆದ್ದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. "10ರಿಂದ ಭಾಗಿಸುವುದೆಂದರೆ ಸೊನ್ನೆ ಹೊಡೆಯುವುದು" ಎಂದು ಚಿಕ್ಕ ತರಗತಿಗಳಲ್ಲಿ ಮೊದಲ ಪಾಠವಾಗಿ ಕಲಿಯಬಾರದು, ಕಲಿಸಲೂಬಾರದು. ಮೊದಲು ಕಲಿಯಬೇಕಾದದ್ದು ಬೇರೆ ಮಾತು: 10ರಿಂದ ಭಾಗಿಸಿದಾಗ ಪ್ರತಿಯೊಂದು ಅಂಕಿಯೂ ಒಂದು ಸ್ಥಾನ ಬಲಕ್ಕೆ ಸರಿಯುತ್ತದೆ. ಹೀಗೆ ಏಕೆ ಹೇಳುತ್ತೇನೆ ಎಂಬುದನ್ನು ನೀವೇ ಪರೀಕ್ಷಿಸಿ ನೋಡಿ. ನಾನು ಹೇಳಿದೆನೆಂದು ಒಪ್ಪಬೇಕಾಗಿಲ್ಲ.

ಹುಣಸೆ ಬೀಜ ಹೇಳುವ ಪಾಠ

ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನಲ್ಲಿ ಬೂದಿಕೋಟೆ ಎಂಬ ಊರಿದೆ. ಹೈದರ್ ಅಲಿ ಹುಟ್ಟಿದ ಊರೆಂದು ಅದು ಹೆಸರಾಗಿದೆ. ಆ ಕಡೆಯ ಮನೆಗಳಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಎಲ್ಲ ಭಾಷೆಗಳೂ ಕೇಳಿಬರುತ್ತವೆ. ಒಬ್ಬರು 'ಹತ್ತು' ಎಂದರೆ ಇನ್ನೊಬ್ಬರು 'ಪದಿ' ಎನ್ನುತ್ತಾರೆ, ಮತ್ತೊಬ್ಬರು 'ಪತ್ತು' ಅಥವಾ 'ದಸ್' ಎನ್ನುತ್ತಾರೆ. ಆದರೆ ಎಣಿಸಿ ಇಟ್ಟ ಗುಡ್ಡೆ ಎಲ್ಲರಿಗೂ ಒಂದೇ. ಹಾಗಾಗಿ ನಾವೂ ಮಾತಿಗಿಂತ ಗುಡ್ಡೆಯಿಂದಲೇ ಆರಂಭಿಸೋಣ.

ಒಂದಷ್ಟು ಹುಣಸೆ ಬೀಜಗಳನ್ನು ಕೂಡಿಸಿಕೊಳ್ಳಿ. 47 ಬೀಜಗಳನ್ನು ಎಣಿಸಿ ನೆಲದ ಮೇಲೆ ಹಾಕಿ. ಈಗ ಹತ್ತು ಹತ್ತರ ಗುಡ್ಡೆ ಮಾಡುತ್ತಾ ಹೋಗಿ. ಎಷ್ಟು ಗುಡ್ಡೆಗಳಾದವು? ನಾಲ್ಕು. ಉಳಿದದ್ದು? ಏಳು. ಆದ್ದರಿಂದ 47 ÷ 10 ಮಾಡಿದಾಗ ಭಾಗಲಬ್ಧ 4, ಶೇಷ 7.

ಈಗ 47 ಎಂಬ ಸಂಖ್ಯೆಯನ್ನೇ ಸರಿಯಾಗಿ ನೋಡಿ. ಹತ್ತರ ಸ್ಥಾನದಲ್ಲಿ 4 ಇದೆ, ಬಿಡಿ ಸ್ಥಾನದಲ್ಲಿ 7 ಇದೆ. ನಿಮಗೆ ಬಂದ ಉತ್ತರ ಸಂಖ್ಯೆಯೊಳಗೇ ಕುಳಿತಿತ್ತು! ನಾವು ಸಂಖ್ಯೆಗಳನ್ನು ಬರೆಯುವ ಕ್ರಮವೇ ಹತ್ತರ ಗುಡ್ಡೆ ಮಾಡುವ ಕ್ರಮ. 47 ಎಂದು ಬರೆಯುವುದೆಂದರೆ "ಹತ್ತರ ಗುಡ್ಡೆ ನಾಲ್ಕು, ಬಿಡಿ ಏಳು" ಎಂದು ಹೇಳುವುದು. ಹಾಗಾಗಿ ಬೇರೆ ಯಾವ ಸಂಖ್ಯೆಯಿಂದ ಭಾಗಿಸುವುದಕ್ಕಿಂತಲೂ 10ರಿಂದ ಭಾಗಿಸುವುದು ನಮಗೆ ಸುಲಭ. ಇದು ಸೊನ್ನೆ ಮಾಡಿದ ಪವಾಡವಲ್ಲ, ಸ್ಥಾನ ಮಾಡಿದ ಕೆಲಸ.

ಇದೇ ರೀತಿ 305ನ್ನು ನೋಡಿ. ಒಂದು ನೂರರಲ್ಲಿ ಹತ್ತರ ಗುಡ್ಡೆಗಳು 10 ಇರುತ್ತವೆ. ಮೂರು ನೂರರಲ್ಲಿ 30. ಉಳಿದ 5 ಬಿಡಿಯಿಂದ ಗುಡ್ಡೆ ಆಗುವುದಿಲ್ಲ. ಭಾಗಲಬ್ಧ 30, ಶೇಷ 5. ನಡುವಿನ ಸೊನ್ನೆ ಹೊಡೆದವರಿಗೆ 35 ಬಂದಿತ್ತಲ್ಲವೇ? ಆ 35ನ್ನು ತಿರುಗಿಸಿ 10ರಿಂದ ಗುಣಿಸಿ. 350 ಆಯಿತು. ನಮ್ಮ ಬಳಿ ಇದ್ದದ್ದು 305 ಮಾತ್ರ. 45 ಬೀಜ ಎಲ್ಲಿಂದ ಬಂತು?

ನೋಟು ಚಿಲ್ಲರೆ ಮಾಡಿಸಿ ಹಂಚಿ

ಭಾಗಾಕಾರಕ್ಕೆ ಎರಡು ಮುಖಗಳಿವೆ. ಹತ್ತು ಹತ್ತರ ಗುಡ್ಡೆ ಮಾಡುವುದು ಒಂದು. ಹತ್ತು ಮಂದಿಗೆ ಸಮನಾಗಿ ಹಂಚುವುದು ಇನ್ನೊಂದು. ಹಂಚುವಾಗ ಅಂಕಿಗಳು ಹೇಗೆ ಸರಿಯುತ್ತವೆ ಎಂಬುದು ಇನ್ನೂ ಚೆನ್ನಾಗಿ ಕಾಣುತ್ತದೆ.

347 ರೂಪಾಯಿಯನ್ನು ಹತ್ತು ಮಂದಿಗೆ ಹಂಚಬೇಕು ಎಂದುಕೊಳ್ಳಿ. ಮೂರು ನೂರರ ನೋಟು, ನಾಲ್ಕು ಹತ್ತರ ನೋಟು, ಏಳು ಒಂದು ರೂಪಾಯಿ ನಾಣ್ಯ ಇವೆ. ಮೂರು ನೋಟನ್ನು ಹತ್ತು ಮಂದಿಗೆ ಕೊಡಲಾಗದು. ಚಿಲ್ಲರೆ ಮಾಡಿಸಬೇಕು. ಒಂದೊಂದು ನೂರಕ್ಕೂ ಹತ್ತು ಹತ್ತರ ನೋಟು ಸಿಗುತ್ತವೆ. ಆಗ ಪ್ರತಿಯೊಬ್ಬರಿಗೂ 3 ಹತ್ತರ ನೋಟು. ಹಾಗೆಯೇ ನಾಲ್ಕು ಹತ್ತರ ನೋಟುಗಳನ್ನು ಒಂದು ರೂಪಾಯಿ ನಾಣ್ಯ ಮಾಡಿಸಿದರೆ ಪ್ರತಿಯೊಬ್ಬರಿಗೂ 4 ರೂಪಾಯಿ. ಕೊನೆಗೆ ಏಳು ರೂಪಾಯಿ ಉಳಿಯಿತು. ಅದನ್ನು ಹತ್ತು ಪೈಸೆಗಳಾಗಿ ಒಡೆದರೆ ಪ್ರತಿಯೊಬ್ಬರಿಗೂ 7 ಹತ್ತು ಪೈಸೆ. ಹತ್ತು ಪೈಸೆಯ ನಾಣ್ಯ ಈಗ ಚಲಾವಣೆಯಲ್ಲಿಲ್ಲ; 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳನ್ನು 2011ರ ಜೂನ್ 30ರಿಂದ ಹಿಂತೆಗೆದುಕೊಳ್ಳಲಾಯಿತು. ಆದರೂ ಲೆಕ್ಕದಲ್ಲಿ ಅದು ಬದುಕಿದೆ.

ಏನಾಯಿತು ಗಮನಿಸಿ. ನೂರರ ಸ್ಥಾನದಲ್ಲಿದ್ದ 3, ಹತ್ತರ ಸ್ಥಾನಕ್ಕೆ ಬಂತು. ಹತ್ತರಲ್ಲಿದ್ದ 4, ಬಿಡಿಗೆ ಬಂತು. ಬಿಡಿಯಲ್ಲಿದ್ದ 7, ದಶಾಂಶ ಸ್ಥಾನಕ್ಕೆ ಬಂತು. ಒಬ್ಬೊಬ್ಬರಿಗೆ ಸಿಕ್ಕಿದ್ದು 34.70 ರೂಪಾಯಿ. ಯಾವ ಅಂಕಿಯೂ ಕಳೆದುಹೋಗಲಿಲ್ಲ. ಎಲ್ಲವೂ ಒಂದೊಂದು ಮನೆ ಬಲಕ್ಕೆ ಹೋದವು, ಅಷ್ಟೇ.

340 ಆಗಿದ್ದರೆ? ಆಗಲೂ ಇದೇ ನಡೆಯುತ್ತದೆ. ಬಿಡಿಯಲ್ಲಿದ್ದ ಸೊನ್ನೆ ದಶಾಂಶ ಸ್ಥಾನಕ್ಕೆ ಹೋಗಿ 34.0 ಆಗುತ್ತದೆ. ಅಲ್ಲಿ ಸೊನ್ನೆಯನ್ನು ಬರೆದರೂ ಒಂದೇ, ಬಿಟ್ಟರೂ ಒಂದೇ. ಹಾಗಾಗಿ ನಾವು 34 ಎಂದು ಬರೆಯುತ್ತೇವೆ. ನೋಡುವವರಿಗೆ ಸೊನ್ನೆ ಹೊಡೆದಂತೆ ಕಾಣುತ್ತದೆ! ಸೊನ್ನೆ ಹೊಡೆಯುವ ನಿಯಮದ ಗುಟ್ಟು ಇದೇ. ನಿಯಮ ಸುಳ್ಳಲ್ಲ. ಆದರೆ ಅದು ಪೂರ್ತಿ ಕತೆಯ ಕೊನೆಯ ಸಾಲು ಮಾತ್ರ.

ಒಂದೇ ಲೆಕ್ಕ, ಮೂರು ಉತ್ತರ

347 ÷ 10 ಎಂಬ ಲೆಕ್ಕಕ್ಕೆ ಸರಿಯಾದ ಉತ್ತರ ಯಾವುದು? 34 ಮತ್ತು ಶೇಷ 7 ಎಂದೇ? 34.7 ಎಂದೇ? ಅಥವಾ 35 ಎಂದೇ?

ಪ್ರಶ್ನೆ ಏನೆಂದು ತಿಳಿಯದೆ ಹೇಳಲಾಗದು. 347 ಟೊಮೆಟೊಗಳನ್ನು ಹತ್ತು ಹತ್ತರಂತೆ ಪೊಟ್ಟಣ ಕಟ್ಟಿದರೆ ತುಂಬಿದ ಪೊಟ್ಟಣ 34, ಉಳಿಯುವ ಟೊಮೆಟೊ 7. 347 ರೂಪಾಯಿಯನ್ನು ಹತ್ತು ಮಂದಿಗೆ ಹಂಚಿದರೆ ಒಬ್ಬರಿಗೆ 34.70 ರೂಪಾಯಿ. 347 ಮಕ್ಕಳು ಪ್ರವಾಸಕ್ಕೆ ಹೊರಟಿದ್ದಾರೆ, ಒಂದು ವ್ಯಾನಿನಲ್ಲಿ 10 ಮಂದಿ ಕೂರಬಹುದು ಎಂದರೆ ಬೇಕಾದ ವ್ಯಾನುಗಳು 35. ಇಲ್ಲಿ ಶೇಷ 7 ಎಂದು ಬರೆದು ಏಳು ಮಕ್ಕಳನ್ನು ಶಾಲೆಯಲ್ಲೇ ಬಿಟ್ಟು ಹೋಗಲು ಆಗುತ್ತದೆಯೇ?

ಸೊನ್ನೆ ಹೊಡೆಯುವುದನ್ನಷ್ಟೇ ಕಲಿತವರಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಗುಡ್ಡೆ ಮಾಡಿ, ಹಂಚಿ ಕಲಿತವರಿಗೆ ತಾನಾಗಿಯೇ ಹುಟ್ಟುತ್ತದೆ. ನಾನು ಗುಡ್ಡೆಯ ಪರವಾಗಿ ಮಾತನಾಡಲು ಇದೂ ಒಂದು ಕಾರಣ.

ಚಿನ್ನದ ಗಣಿಯಲ್ಲಿ ಒಂದು ಸ್ಥಾನ

ಬೂದಿಕೋಟೆಗೆ ಹತ್ತಿರದಲ್ಲೇ ಕೋಲಾರ ಚಿನ್ನದ ಗಣಿ ಪ್ರದೇಶ, ಅಂದರೆ ಕೆ.ಜಿ.ಎಫ್. ಇದೆ. ಅಲ್ಲಿನ ಗಣಿ ಸುಮಾರು 3200 ಮೀಟರ್ ಆಳಕ್ಕೆ ಇಳಿದಿತ್ತು. ಪ್ರಪಂಚದ ಅತಿ ಆಳದ ಗಣಿಗಳ ಸಾಲಿನಲ್ಲಿ ಅದರ ಹೆಸರಿತ್ತು. ಈ ಆಳ ಎಷ್ಟು ಕಿಲೋಮೀಟರ್? 1000ದಿಂದ ಭಾಗಿಸಬೇಕು. ಅಂದರೆ 10ರಿಂದ ಮೂರು ಸಲ ಭಾಗಿಸಬೇಕು. ಮೊದಲನೆಯ ಸಲ 320. ಎರಡನೆಯ ಸಲ 32. ಮೂರನೆಯ ಸಲ? ಹೊಡೆಯುವ ಸೊನ್ನೆ ಮುಗಿದುಹೋಯಿತು! ಸ್ಥಾನ ಗೊತ್ತಿದ್ದವರು ನಿಲ್ಲುವುದಿಲ್ಲ. 3 ಬಿಡಿ ಸ್ಥಾನಕ್ಕೆ, 2 ದಶಾಂಶ ಸ್ಥಾನಕ್ಕೆ ಸರಿಯುತ್ತವೆ. ಉತ್ತರ 3.2 ಕಿಲೋಮೀಟರ್. ಸೊನ್ನೆ ಮುಗಿಯಿತೆಂದು ಅಲ್ಲೇ ನಿಂತವರು ಗಣಿಯ ಆಳ 32 ಕಿಲೋಮೀಟರ್ ಎಂದು ಬರೆದುಬಿಡುತ್ತಾರೆ. ಅಷ್ಟು ಆಳಕ್ಕೆ ಮನುಷ್ಯರು ಎಲ್ಲಿಯೂ ಇಳಿದಿಲ್ಲ.

ಆ ಗಣಿಯ ಕತೆಯಲ್ಲಿ ಹತ್ತರ ಭಾಗಾಕಾರ ಇನ್ನೊಂದು ಕಡೆಯೂ ಇದೆ. 1880ರ ದಶಕದಲ್ಲಿ ದೊಡ್ಡ ಪ್ರಮಾಣದ ಗಣಿಗಾರಿಕೆ ಆರಂಭವಾದಾಗ ಒಂದು ಟನ್ ಅದಿರಿನಲ್ಲಿ 40 ಗ್ರಾಂಗೂ ಹೆಚ್ಚು ಚಿನ್ನ ಸಿಗುತ್ತಿತ್ತು. ಕೊನೆಯ ವರ್ಷಗಳಲ್ಲಿ ಅದು ಟನ್ನಿಗೆ ನಾಲ್ಕು ಗ್ರಾಂ ಆಸುಪಾಸಿಗೆ ಇಳಿದಿತ್ತು. ಸರಿಸುಮಾರು ಹತ್ತರಲ್ಲಿ ಒಂದು ಪಾಲು! ಅಂಕಿ ಒಂದು ಮನೆ ಬಲಕ್ಕೆ ಸರಿಯಿತು. ಕಾಗದದ ಮೇಲೆ ಇದು ಚಿಕ್ಕ ಸಂಗತಿ. ಗಣಿಯಲ್ಲಿ ಏನಾಗುತ್ತದೆ ಯೋಚಿಸಿ. ಮೊದಲು 40 ಗ್ರಾಂ ಚಿನ್ನಕ್ಕೆ ಒಂದು ಟನ್ ಕಲ್ಲು ಸಾಕಾಗಿತ್ತು. ಈಗ ಅಷ್ಟೇ ಚಿನ್ನಕ್ಕೆ ಹತ್ತು ಟನ್ ಕಲ್ಲು ಬೇಕು. ಆ ಕಲ್ಲನ್ನು ಎಷ್ಟೋ ಆಳದಿಂದ ಮೇಲೆ ತರಬೇಕು, ಪುಡಿ ಮಾಡಬೇಕು, ಅದರಿಂದ ಚಿನ್ನ ಬೇರ್ಪಡಿಸಬೇಕು. ಖರ್ಚು ಎಷ್ಟಾಗಬೇಡ! ಖರ್ಚು ಹುಟ್ಟದೆ, 2001ರ ಫೆಬ್ರುವರಿ 28ರಂದು ಗಣಿಯನ್ನು ಮುಚ್ಚಲಾಯಿತು. ಚಿನ್ನ ತೆಗೆದು ಉಳಿದ ಪುಡಿಮಣ್ಣು ಗುಡ್ಡಗಳಾಗಿ ಬಿದ್ದಿದೆ. ಅವನ್ನು ಜನ ಸಯನೈಡ್ ಗುಡ್ಡ ಎನ್ನುತ್ತಾರೆ. ಎಷ್ಟು ಕಲ್ಲಿಗೆ ಎಷ್ಟು ಚಿನ್ನ ಎಂಬ ಲೆಕ್ಕವನ್ನು ಆ ಗುಡ್ಡಗಳೇ ಹೇಳುತ್ತವೆ.

ಔಷಧಿಯ ಲೆಕ್ಕ ತಪ್ಪಬಾರದು

ಗಣಿ ದೂರದ ಮಾತಾಯಿತು ಎನ್ನುತ್ತೀರಾ? ಮನೆಯ ಮಾತಿಗೆ ಬರೋಣ. ಟೊಮೆಟೊ ತೋಟಕ್ಕೆ ಔಷಧಿ ಹೊಡೆಯುವಾಗ ಡಬ್ಬಿಯ ಮೇಲಿನ ಬರಹವನ್ನು ಓದಿ ಹೇಳು ಎಂದು ಮನೆಯವರು ನಿಮ್ಮನ್ನೇ ಕೇಳುವುದುಂಟು. (ಔಷಧಿಯನ್ನು ಮಾತ್ರ ನೀವು ಮುಟ್ಟಬೇಡಿ. ಲೆಕ್ಕ ಮಾಡಿ ಹೇಳಿ, ಸಾಕು.) 10 ಲೀಟರ್ ನೀರಿಗೆ 25 ಮಿಲಿಲೀಟರ್ ಎಂದು ಬರೆದಿದೆ ಎಂದುಕೊಳ್ಳಿ. ಒಂದು ಲೀಟರ್ ನೀರಿಗೆ ಎಷ್ಟು? 25ನ್ನು 10ರಿಂದ ಭಾಗಿಸಬೇಕು. ಉತ್ತರ 2.5 ಮಿಲಿಲೀಟರ್. ಸೊನ್ನೆ ಸಿಗಲಿಲ್ಲವೆಂದು ಸಂಖ್ಯೆಯನ್ನು ಹಾಗೆಯೇ ಬಿಟ್ಟವರು ಒಂದು ಲೀಟರಿಗೇ 25 ಮಿಲಿಲೀಟರ್ ಹೇಳಿಬಿಡುತ್ತಾರೆ. ಹತ್ತು ಪಟ್ಟು ಔಷಧಿ! ಗಿಡ ಸುಟ್ಟುಹೋಗಬಹುದು. ಹೊಡೆಯುವವರ ಆರೋಗ್ಯಕ್ಕೂ, ಹಣ್ಣು ತಿನ್ನುವವರ ಆರೋಗ್ಯಕ್ಕೂ ಅಪಾಯ.

ಮಕ್ಕಳಿಗೆ ಕುಡಿಸುವ ಸಿರಪ್ಪಿನಲ್ಲೂ ಹಾಗೆಯೇ. 2.5 ಮಿಲಿಲೀಟರ್ ಮತ್ತು 25 ಮಿಲಿಲೀಟರ್ ನಡುವೆ ಇರುವುದು ಒಂದು ಚುಕ್ಕಿ ಮಾತ್ರ. ಆದರೆ ಆ ಚುಕ್ಕಿಯ ಬೆಲೆ ಹತ್ತು ಪಟ್ಟು. ಒಂದು ಸ್ಥಾನ ತಪ್ಪಿ ಹತ್ತು ಪಟ್ಟು ಔಷಧಿ ಕೊಟ್ಟುಬಿಡುವ ಅಪಾಯ ವೈದ್ಯರಿಗೆ, ದಾದಿಯರಿಗೆ ಚೆನ್ನಾಗಿ ಗೊತ್ತಿದೆ. ಅದಕ್ಕಾಗಿ ಅವರು ಎರಡೆರಡು ಸಲ ನೋಡುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಸ್ಥಾನ ತಪ್ಪಿದರೆ ಒಂದು ಅಂಕ ಹೋಗುತ್ತದೆ. ಜೀವನದಲ್ಲಿ ತಪ್ಪಿದರೆ ಹೋಗುವುದು ಅಂಕವಲ್ಲ.

ನಮ್ಮವರು ಕೊಟ್ಟ ಸ್ಥಾನ

ಅಂಕಿಗೆ ಅದು ನಿಂತ ಸ್ಥಾನದಿಂದ ಬೆಲೆ ಬರುತ್ತದೆ ಎಂಬ ವಿಚಾರ ನಮ್ಮ ದೇಶದಲ್ಲಿ ಬೆಳೆದದ್ದು. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಎಂಬ ಗ್ರಂಥ ಬರೆದ. ಅದರಲ್ಲಿ ಬಿಡಿಯಿಂದ ಆರಂಭಿಸಿ ಒಂದರ ಮುಂದೊಂದರಂತೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಪ್ರತಿ ಸ್ಥಾನವೂ ತನ್ನ ಬಲಗಡೆಯ ಸ್ಥಾನದ ಹತ್ತು ಪಟ್ಟು. 12ನೆಯ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ.

ಸ್ಥಾನದ ಉಪಕಾರ ತಿಳಿಯಬೇಕಾದರೆ ಕೆಲವು ಗೋಡೆ ಗಡಿಯಾರಗಳಲ್ಲಿ ಕಾಣುವ ರೋಮನ್ ಅಂಕಿಗಳನ್ನು ನೋಡಿ. ಆ ಕ್ರಮದಲ್ಲಿ ಸ್ಥಾನಬೆಲೆ ಇಲ್ಲ. 340 ಮತ್ತು 34ನ್ನು ಬರೆದರೆ ಒಂದನ್ನು ಸರಿಸಿ ಇನ್ನೊಂದನ್ನು ಪಡೆಯಲು ಬರುವುದಿಲ್ಲ. ನಮ್ಮ ಕನ್ನಡ ಅಂಕಿಗಳಲ್ಲಿ ೩೪೦ ಎಂದು ಬರೆದರೂ ಸರಿಯುತ್ತದೆ, 340 ಎಂದು ಬರೆದರೂ ಸರಿಯುತ್ತದೆ. ಅಂಕಿಯ ಆಕಾರ ಮುಖ್ಯವಲ್ಲ, ಅದು ನಿಂತ ಜಾಗ ಮುಖ್ಯ.

ಹಿಂದಿನ ಕಾಲದಲ್ಲಿ ರೂಪಾಯಿಯ ಲೆಕ್ಕ ಇಷ್ಟು ಸುಲಭವಾಗಿರಲಿಲ್ಲ. ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. 3 ರೂಪಾಯಿ 7 ಆಣೆಯನ್ನು ಹತ್ತು ಮಂದಿಗೆ ಹಂಚಬೇಕಾದರೆ ಮೊದಲು 55 ಆಣೆ ಮಾಡಬೇಕು. ಒಬ್ಬರಿಗೆ 5 ಆಣೆ ಕೊಟ್ಟು ಉಳಿದ 5 ಆಣೆಯನ್ನು 60 ಪೈ ಮಾಡಬೇಕು. ಆಗ ಒಬ್ಬರಿಗೆ 5 ಆಣೆ 6 ಪೈ. ಎಷ್ಟು ಕೆಲಸ ನೋಡಿ! 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ಪೈಸೆ ಆಯಿತು. ಈಗ 3.40 ರೂಪಾಯಿಯನ್ನು ಹತ್ತರಿಂದ ಭಾಗಿಸಲು ಅಂಕಿಗಳನ್ನು ಒಂದು ಸ್ಥಾನ ಸರಿಸಿದರೆ ಸಾಕು: 0.34, ಅಂದರೆ 34 ಪೈಸೆ. ಇಷ್ಟು ಸುಲಭವಾದ ಕ್ರಮ ಕೈಯಲ್ಲಿದ್ದೂ ಅದರ ಗುಟ್ಟು ತಿಳಿಯದೆ ಸೊನ್ನೆ ಹುಡುಕುತ್ತಾ ಕೂರುವುದು ಸರಿಯೇ?

ಹಾಗಾದರೆ ಬೇಗ ಮಾಡುವುದು ತಪ್ಪೇ?

"ಪರೀಕ್ಷೆಯಲ್ಲಿ ಸಮಯ ಇರುವುದಿಲ್ಲ. ಸೊನ್ನೆ ಹೊಡೆದರೆ ಬೇಗ ಆಗುತ್ತದೆ" ಎಂದು ನೀವು ಹೇಳಬಹುದು. ನಿಜ. ಕಾರಣ ಗೊತ್ತಾದ ಮೇಲೆ ಧಾರಾಳವಾಗಿ ಹೊಡೆಯಿರಿ. 5000 ÷ 10 ಎಂದಾಗ ಪ್ರತಿ ಸಲವೂ ಬೀಜ ಎಣಿಸಿ ಎಂದು ನಾನು ಹೇಳುತ್ತಿಲ್ಲ. ಗುಟ್ಟು ಗೊತ್ತಿದ್ದು ಬೇಗ ಮಾಡುವುದು ಜಾಣತನ. ಗೊತ್ತಿಲ್ಲದೆ ಬೇಗ ಮಾಡುವುದು ಕಣ್ಣು ಮುಚ್ಚಿ ಓಡಿದಂತೆ.

"ನಮ್ಮ ಶಾಲೆಯಲ್ಲಿ ಒಬ್ಬರೇ ಮೇಷ್ಟ್ರು ಎರಡು ಮೂರು ತರಗತಿಗಳನ್ನು ನೋಡಬೇಕು. ಬೀಜ ಎಣಿಸಿ ಕಲಿಸಲು ಅವರಿಗೆ ಬಿಡುವೆಲ್ಲಿ?" ಎಂದೂ ಕೇಳಬಹುದು. ಇದು ನ್ಯಾಯವಾದ ಮಾತು. ಅನೇಕ ಚಿಕ್ಕ ಶಾಲೆಗಳ ಸ್ಥಿತಿ ಹೀಗೆಯೇ ಇದೆ. ಆದರೆ ಇದಕ್ಕೆ ದುಬಾರಿ ಸಾಮಾನು ಬೇಡ. ಹುಣಸೆ ಬೀಜ, ಕಡ್ಡಿ, ಕಲ್ಲು ಸಾಕು. ಗಣಿತ ಕಲಿಕಾ ಆಂದೋಲನದ ಕಿಟ್ ನಿಮ್ಮ ಶಾಲೆಗೆ ಬಂದಿದ್ದರೆ ಅದನ್ನು ಬೀರುವಿನಲ್ಲಿ ಇಡಬೇಡಿ, ಕೇಳಿ ಹೊರಗೆ ತೆಗೆಸಿ. ಅದರ ಮಣಿಕಟ್ಟಿನಲ್ಲಿ ಅಂಕಿ ಸರಿಯುವುದನ್ನು ಕೈಯಾರೆ ಮಾಡಿ ನೋಡಬಹುದು.

ಇನ್ನೊಂದು ಕೆಲಸ ನೀವು ಮಾಡಬಹುದು, ಅದು ನಿಮ್ಮಿಂದ ಮಾತ್ರ ಆಗುವಂಥದ್ದು. ನೀವು ಆರನೆಯ, ಏಳನೆಯ ತರಗತಿಯವರು. ನಾಲ್ಕನೆಯ ತರಗತಿಯ ತಮ್ಮನೋ ತಂಗಿಯೋ ನಿಮ್ಮ ಹತ್ತಿರ ಲೆಕ್ಕ ಕೇಳಿಕೊಂಡು ಬರುತ್ತಾರೆ. ಆಗ "ಸೊನ್ನೆ ಹೊಡಿ" ಎಂದು ಹೇಳಿ ಕಳುಹಿಸಬೇಡಿ. ಐದು ನಿಮಿಷ ಕೂರಿಸಿಕೊಂಡು 47 ಬೀಜಗಳ ಗುಡ್ಡೆ ಮಾಡಿಸಿ. ಅವರು ಏಳನೆಯ ತರಗತಿಯಲ್ಲಿ ದಶಮಾಂಶ ಕಲಿಯುವಾಗ ಆ ಐದು ನಿಮಿಷ ಕೆಲಸಕ್ಕೆ ಬರುತ್ತದೆ.

ಮಾಡಿ ನೋಡಿ

ಉತ್ತರ ಬಂದ ಮೇಲೆ ಪ್ರತಿಯೊಂದನ್ನೂ ತಾಳೆ ನೋಡಿ. ಭಾಗಲಬ್ಧವನ್ನು 10ರಿಂದ ಗುಣಿಸಿ, ಶೇಷವಿದ್ದರೆ ಕೂಡಿಸಿ. ಮೊದಲಿದ್ದ ಸಂಖ್ಯೆಯೇ ಬರಬೇಕು.

1. 608ನ್ನು 10ರಿಂದ ಭಾಗಿಸಿ. ಭಾಗಲಬ್ಧ ಮತ್ತು ಶೇಷ ಬರೆಯಿರಿ. ಆಮೇಲೆ ದಶಮಾಂಶದಲ್ಲಿ ಬರೆಯಿರಿ.

2. ಒಂದು ಮನೆಯವರು 10 ದಿನಗಳಲ್ಲಿ ಡೇರಿಗೆ 86 ಲೀಟರ್ ಹಾಲು ಹಾಕಿದರು. ದಿನಕ್ಕೆ ಸರಾಸರಿ ಎಷ್ಟು ಲೀಟರ್?

3. ಬೆಂಚಿಗೆ 10 ಮಂದಿಯಂತೆ 92 ಮಂದಿಯನ್ನು ಊಟಕ್ಕೆ ಕೂರಿಸಲು ಎಷ್ಟು ಬೆಂಚು ಬೇಕು?

4. ಒಂದು ಟನ್ ಎಂದರೆ 1000 ಕಿಲೋಗ್ರಾಂ, ಅಂದರೆ 10,00,000 ಗ್ರಾಂ. 10,00,000ದಿಂದ 1ಕ್ಕೆ ಬರಲು 10ರಿಂದ ಎಷ್ಟು ಸಲ ಭಾಗಿಸಬೇಕು?

5. 7ನ್ನು 10ರಿಂದ ಭಾಗಿಸಿದರೆ ಶೇಷವೆಷ್ಟು? ಹುಣಸೆ ಬೀಜ ಇಟ್ಟು ಯೋಚಿಸಿ. ಗುಡ್ಡೆ ಒಂದೂ ಆಗಲಿಲ್ಲ ಎಂದರೆ ಭಾಗಲಬ್ಧ ಏನು ಬರೆಯುತ್ತೀರಿ? ಇಲ್ಲಿ ಸೊನ್ನೆಯನ್ನು ಹೊಡೆಯಬೇಕಾಗಿಲ್ಲ, ಬರೆಯಬೇಕಾಗಿದೆ!